ತಣ್ಣೀರಿಗೆ ಸುರಿದ ಬೆಂಕಿ

ಚೆಂಬೂರು, ಮಾಹುಲ್, ಟ್ರಾಂಬೆಗಳ ಮಾತು ಬಂದರೆ ಮುಂಬಯಿಯವರಿಗೆ ಮೊದಲು ನೆನಪಾಗುವುದು ಎತ್ತರದ ಕೊಳವೆಯ ತುದಿಯಲ್ಲಿ ರಾತ್ರಿಯಿಡೀ ಉರಿಯುವ ಜ್ವಾಲೆ. ಅದನ್ನು ಕಂಡು 'ಎಷ್ಟೊಂದು ಇಂಧನ ಹಾಳಾಗುತ್ತಿದೆ' ಎಂದು ಮರುಗದವರು ವಿರಳ. ಆ ಮರುಕ ಸುಳ್ಳೇನೂ ಅಲ್ಲ. ಆದರೆ ಆ ಜ್ವಾಲೆ ಮುಖ್ಯವಾಗಿ ಸುರಕ್ಷತೆಗಾಗಿ ಇಟ್ಟುಕೊಂಡದ್ದು. ಸಾಮಾನ್ಯ ದಿನಗಳಲ್ಲಿ ಅಲ್ಲಿ ಉರಿಯುವುದು ಅಲ್ಪ. ನಿಜವಾದ ವ್ಯಯ ನಡೆಯುವುದು ಕಣ್ಣಿಗೆ ತಂಪಾಗಿ ಕಾಣುವ ಇನ್ನೊಂದು ಕಡೆ. ಕಾರ್ಖಾನೆಯ ಕೂಲಿಂಗ್ ಟವರಿನ ತಲೆಯ ಮೇಲೆ ಬಿಳಿಯ ಹಬೆ ಸದ್ದಿಲ್ಲದೆ ಮೇಲೇಳುತ್ತಿರುತ್ತದೆಯಲ್ಲ, ಅದು ಹೊಗೆಯಲ್ಲ, ವಿಷವೂ ಅಲ್ಲ, ಬರೀ ನೀರಾವಿ. ಆದ್ದರಿಂದಲೇ ಅದರ ಬಗ್ಗೆ ಯಾರೂ ದೂರು ಕೊಡುವುದಿಲ್ಲ, ಯಾವ ಪತ್ರಿಕೆಯೂ ಬರೆಯುವುದಿಲ್ಲ. ಕುಲುಮೆಯಲ್ಲಿ ಸುಟ್ಟ ಎಣ್ಣೆ, ಬಾಯ್ಲರಿನಲ್ಲಿ ಸುಟ್ಟ ಅನಿಲ ಹುಟ್ಟಿಸಿದ ಶಾಖದ ಬಹುಪಾಲು ಕೊನೆಗೆ ಆ ಬಿಳಿಯ ಹಬೆಯಾಗಿ ಅರಬೀ ಸಮುದ್ರದ ಗಾಳಿಯಲ್ಲಿ ಸೇರಿಹೋಗುತ್ತದೆ. ಈ ವ್ಯಯಕ್ಕೆ ದೊಡ್ಡ ಕಾರಣ ಬಟ್ಟಿ ಇಳಿಸುವ ಗೋಪುರಗಳು. ಅವುಗಳನ್ನು ಕೆಡವದೆ, ಇದ್ದಲ್ಲಿಯೇ ತಿದ್ದಿ ಇಂಧನವನ್ನು ಉಳಿಸಬಹುದೆಂಬುದು, ಉಳಿಸಲೇಬೇಕೆಂಬುದು ನಮ್ಮ ವಾದ.

ಸಾಹಿತ್ಯದ ಬಳಗಕ್ಕೆ ಇದೇನು ವಿಷಯ ಎಂದು ಕೇಳುವವರು ಇರಬಹುದು. ಮುಂಬಯಿಯ ಕನ್ನಡಿಗರ ಬದುಕು ಹೋಟೆಲಿನ ಅಡುಗೆಮನೆಯಲ್ಲಿ ಮಾತ್ರ ಕಳೆದದ್ದಲ್ಲ. ಹಗಲು ದುಡಿದು ರಾತ್ರಿಶಾಲೆಯಲ್ಲಿ ಕಲಿತ ಎಷ್ಟೋ ಮಂದಿ ಮುಂದೆ ಚೆಂಬೂರು, ಠಾಣೆ, ಅಂಬರನಾಥಗಳ ರಾಸಾಯನಿಕ ಕಾರ್ಖಾನೆಗಳಲ್ಲಿ ಪಾಳಿಯ ಮೇಲೆ ದುಡಿದರು. ಯಶವಂತ ಚಿತ್ತಾಲರು ಸ್ವತಃ ಪಾಲಿಮರ್ ತಂತ್ರಜ್ಞರು. 1979ರಲ್ಲಿ ಬಂದ 'ಶಿಕಾರಿ'ಯ ನಾಯಕನ ಸಂಕಟವೆಲ್ಲ ಒಂದು ರಾಸಾಯನಿಕ ಕಂಪನಿಯ ಒಡಲಿನಿಂದಲೇ ಹುಟ್ಟಿದ್ದು. ಆ ಕಂಪನಿಯ ಕಚೇರಿ ನಮ್ಮ ಕಾದಂಬರಿಯೊಳಗೆ ಬಂದಿದೆ. ಗೋಪುರ ಮಾತ್ರ ಇನ್ನೂ ಗೇಟಿನ ಆಚೆಗೇ ನಿಂತಿದೆ.

ಬಟ್ಟಿ ಇಳಿಸುವುದೆಂದರೇನು? ಎರಡು ದ್ರವಗಳು ಬೆರೆತಿವೆ. ಒಂದು ಬೇಗ ಕುದಿಯುತ್ತದೆ, ಇನ್ನೊಂದು ತಡವಾಗಿ. ಕೆಳಗೆ ಕಾಯಿಸಿದರೆ ಹಗುರಾದದ್ದು ಆವಿಯಾಗಿ ಮೇಲೇರುತ್ತದೆ. ಆದರೆ ಒಮ್ಮೆ ಕಾಯಿಸಿದ ಮಾತ್ರಕ್ಕೆ ಎರಡೂ ಬೇರೆಯಾಗುವುದಿಲ್ಲ; ಏರುವ ಆವಿಯಲ್ಲಿ ಎರಡೂ ಇರುತ್ತವೆ. ಆದ್ದರಿಂದ ಗೋಪುರದೊಳಗೆ ಒಂದರ ಮೇಲೊಂದು ತಟ್ಟೆಗಳನ್ನು ಜೋಡಿಸುತ್ತಾರೆ. ಮೇಲೇರುವ ಆವಿಯೂ ಕೆಳಗಿಳಿಯುವ ದ್ರವವೂ ಪ್ರತಿ ತಟ್ಟೆಯಲ್ಲಿ ಸಂಧಿಸಿ, ಕೊಟ್ಟು ಕೊಂಡು, ಮತ್ತೆ ಅಗಲುತ್ತವೆ. ತುದಿಯಲ್ಲಿ ಬಂದ ಆವಿಯನ್ನು ತಣ್ಣೀರಿನ ಕೊಳವೆಗಳಿಂದ ತಣಿಸಿ ದ್ರವ ಮಾಡಿ, ಅದರಲ್ಲೊಂದು ಪಾಲನ್ನು ಮಾಲಾಗಿ ತೆಗೆದುಕೊಂಡು, ಉಳಿದ ಪಾಲನ್ನು ಗೋಪುರದ ನೆತ್ತಿಗೆ ಮತ್ತೆ ಸುರಿಯುತ್ತಾರೆ. ಹೀಗೆ ಮರಳಿ ಸುರಿಯುವುದಕ್ಕೆ ಕೆಲಸಗಾರರ ಬಾಯಲ್ಲಿ ರಿಫ್ಲಕ್ಸ್ ಎಂದು ಹೆಸರು. ರಿಫ್ಲಕ್ಸ್ ಹೆಚ್ಚಾದಷ್ಟೂ ಮಾಲು ಶುದ್ಧ. ಆದರೆ ಮರಳಿ ಸುರಿದ ಪ್ರತಿ ಲೀಟರನ್ನೂ ಕೆಳಗೆ ಮತ್ತೊಮ್ಮೆ ಕುದಿಸಬೇಕು.

ಕುದಿಸುವುದು ದುಬಾರಿಯ ಕೆಲಸ. ಮಂಜಿನಷ್ಟು ತಣ್ಣಗಿರುವ ಒಂದು ಕಿಲೋ ನೀರನ್ನು ಕುದಿಯುವ ಮಟ್ಟಕ್ಕೆ ತರಲು ಬೇಕಾಗುವ ಶಾಖದ ಐದು ಪಟ್ಟಿಗೂ ಹೆಚ್ಚು ಶಾಖ, ಅದೇ ನೀರನ್ನು ಪೂರ್ತಿ ಆವಿಯಾಗಿಸಲು ಬೇಕು. ಗೋಪುರದ ಬುಡದಲ್ಲಿ ಕೊಟ್ಟ ಈ ಶಾಖ ಎಲ್ಲಿಗೆ ಹೋಗುತ್ತದೆ? ಹೆಚ್ಚುಕಡಿಮೆ ಅಷ್ಟೂ ಗೋಪುರದ ತುದಿಗೆ ಏರಿ ತಣ್ಣೀರಿನ ಪಾಲಾಗುತ್ತದೆ. ಶಾಖ ಸಾಯುವುದಿಲ್ಲ, ಅದರ ಬೆಲೆ ಸಾಯುತ್ತದೆ. 150 ಡಿಗ್ರಿಯ ಉಗಿಯಾಗಿ ಒಳಗೆ ಹೋದದ್ದು 40 ಡಿಗ್ರಿಯ ಬೆಚ್ಚನೆಯ ನೀರಾಗಿ ಹೊರಬರುತ್ತದೆ. ಆ ನೀರಿನಿಂದ ಯಾವ ಗೋಪುರವನ್ನೂ ಕುದಿಸಲಾಗದು.

2016ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಡೇವಿಡ್ ಶೋಲ್ ಮತ್ತು ರಯಾನ್ ಲೈವ್ಲಿ ಬರೆದ ಲೇಖನವೊಂದರ ಪ್ರಕಾರ, ಬಟ್ಟಿ ಇಳಿಸುವುದೇ ಮೊದಲಾದ ಬೇರ್ಪಡಿಸುವ ಕ್ರಿಯೆಗಳು ಜಗತ್ತಿನ ಒಟ್ಟು ಶಕ್ತಿ ಬಳಕೆಯ 10ರಿಂದ 15 ಶೇಕಡಾ ಪಾಲನ್ನು ನುಂಗುತ್ತವೆ. ವಿಮಾನಗಳ ಬಗ್ಗೆ ನಾವೆಲ್ಲ ಚಿಂತಿಸುತ್ತೇವೆ, ಏರ್ ಕಂಡಿಷನರುಗಳ ಬಗ್ಗೆ ಚಿಂತಿಸುತ್ತೇವೆ. ಈ ತಟ್ಟೆಗಳ ಗೋಪುರದ ಹೆಸರನ್ನೇ ಹೆಚ್ಚಿನವರು ಕೇಳಿಲ್ಲ.

ಮಾಹುಲಿನ ಗೋಪುರಗಳ ಚರಿತ್ರೆಯನ್ನು ಇಲ್ಲಿ ನೆನೆಯಬೇಕು. ಸ್ವಾತಂತ್ರ್ಯ ಬಂದ ಕೆಲವೇ ವರ್ಷಗಳಲ್ಲಿ ವಿದೇಶೀ ಕಂಪನಿಗಳು ಇಲ್ಲಿ ಎರಡು ತೈಲ ಶುದ್ಧೀಕರಣಾಗಾರಗಳನ್ನು ಕಟ್ಟಿದವು: 1954ರಲ್ಲಿ ಸ್ಟಾನ್‌ವ್ಯಾಕ್, 1955ರಲ್ಲಿ ಬರ್ಮಾ ಶೆಲ್. ಮೊದಲನೆಯದು ಎಸ್ಸೋ ಆಗಿ, 1974ರಲ್ಲಿ ಹಿಂದುಸ್ತಾನ್ ಪೆಟ್ರೋಲಿಯಂ ಆಯಿತು. ಎರಡನೆಯದನ್ನು 1976ರಲ್ಲಿ ಸರ್ಕಾರ ವಹಿಸಿಕೊಂಡಿತು. ಮರುವರ್ಷ ಅದಕ್ಕೆ ಭಾರತ್ ಪೆಟ್ರೋಲಿಯಂ ಎಂದು ಹೆಸರಾಯಿತು. ಇವುಗಳನ್ನು ಕಟ್ಟಿದ ಕಾಲದಲ್ಲಿ ಕಚ್ಚಾತೈಲ ನೀರಿನಷ್ಟು ಅಗ್ಗ. ಉಕ್ಕು ದುಬಾರಿ, ವಿದೇಶದಿಂದ ಬರಬೇಕಾದ ಯಂತ್ರ ಇನ್ನೂ ದುಬಾರಿ. ಶಾಖವನ್ನು ಹಿಡಿದಿಡಲು ಇನ್ನೊಂದು ಶಾಖವಿನಿಮಯಕವನ್ನು ಕೊಳ್ಳುವುದಕ್ಕಿಂತ ಕುಲುಮೆಗೆ ಇನ್ನಷ್ಟು ಎಣ್ಣೆ ಸುರಿಯುವುದೇ ಅಂದಿನ ಲೆಕ್ಕಕ್ಕೆ ಸರಿ. ಅಂದಿನ ಇಂಜಿನಿಯರರನ್ನು ಮೂರ್ಖರೆಂದು ನಾವು ಕರೆಯುವುದಿಲ್ಲ. ಅವರ ಲೆಕ್ಕ ಅವರ ಕಾಲಕ್ಕೆ ಒಪ್ಪುವಂಥದು. 1973ರ ಚಳಿಗಾಲದಲ್ಲಿ ಕೆಲವೇ ತಿಂಗಳುಗಳೊಳಗೆ ತೈಲದ ಬೆಲೆ ಸುಮಾರು ನಾಲ್ಕು ಪಟ್ಟು ಏರಿದಾಗ ಆ ಲೆಕ್ಕ ತಲೆಕೆಳಗಾಯಿತು. ಗೋಪುರಗಳು ಮಾತ್ರ ಹಾಗೆಯೇ ನಿಂತಿದ್ದವು. ಉಕ್ಕಿನ ಆಯುಸ್ಸು ಬೆಲೆಯ ಆಯುಸ್ಸಿಗಿಂತ ದೀರ್ಘ.

ಆ ಬಿಕ್ಕಟ್ಟಿನಿಂದಲೇ ಹೊಸ ವಿದ್ಯೆಯೂ ಹುಟ್ಟಿತು. 1970ರ ದಶಕದ ಕೊನೆಯಲ್ಲಿ ಬೋಡೊ ಲಿನ್‌ಹಾಫ್ ಮತ್ತು ಸಂಗಡಿಗರು ಬೆಳೆಸಿದ 'ಪಿಂಚ್' ವಿಶ್ಲೇಷಣೆಯ ತಿರುಳು ಬಹಳ ಸರಳ. ಕಾರ್ಖಾನೆಯಲ್ಲಿ ಕಾಯಬೇಕಾದ ಹರಿವುಗಳನ್ನೆಲ್ಲ ಒಂದು ಗೆರೆಯಾಗಿ, ತಣಿಯಬೇಕಾದವುಗಳನ್ನೆಲ್ಲ ಇನ್ನೊಂದು ಗೆರೆಯಾಗಿ ಬರೆಯಬೇಕು. ಎರಡು ಗೆರೆಗಳೂ ಅತ್ಯಂತ ಸಮೀಪ ಬರುವ ಉಷ್ಣತೆಯೇ ಪಿಂಚ್, ಅಂದರೆ ಇಕ್ಕಟ್ಟಿನ ಜಾಗ. ಅದಕ್ಕಿಂತ ಮೇಲಿನ ಶಾಖವನ್ನು ಕೆಳಕ್ಕೆ ದಾಟಿಸಿದರೆ ಎರಡು ಕಡೆಯೂ ನಷ್ಟ: ಮೇಲೆ ಹೆಚ್ಚು ಇಂಧನ, ಕೆಳಗೆ ಹೆಚ್ಚು ತಣ್ಣೀರು. ಹಳೆಯ ಕಾರ್ಖಾನೆಯೊಂದರ ನಕ್ಷೆಯನ್ನು ಹೀಗೆ ಬರೆದು ನೋಡಿದಾಗ, ಎಷ್ಟೋ ಗೋಪುರಗಳು ಈ ಇಕ್ಕಟ್ಟಿಗೆ ಅಡ್ಡಲಾಗಿ ಕುಳಿತು ಬುಡದಲ್ಲಿ ಬೆಲೆಬಾಳುವ ಶಾಖವನ್ನು ಕುಡಿಯುತ್ತಿರುವುದು, ತುದಿಯಲ್ಲಿ ಬೆಲೆಯಿಲ್ಲದ ಶಾಖವನ್ನು ಉಗುಳುತ್ತಿರುವುದು ಕಾಣುತ್ತದೆ. ಒಂದು ಗೋಪುರದ ಒತ್ತಡವನ್ನು ಸ್ವಲ್ಪ ಏರಿಸಿದರೆ ಅದರ ತುದಿಯ ಆವಿಯೇ ಪಕ್ಕದ ಗೋಪುರದ ಬುಡವನ್ನು ಕುದಿಸಬಲ್ಲದು.

ನಮ್ಮ ಊರಿನ ಅಡುಗೆಮನೆಗೆ ಇದು ಹೊಸತಲ್ಲ. ಅನ್ನದ ಚರಿಗೆಯ ಮೇಲೆ ಮುಚ್ಚಳದ ಬದಲು ನೀರು ತುಂಬಿದ ಪಾತ್ರೆಯನ್ನಿಟ್ಟು, ಅನ್ನ ಬೇಯುವಷ್ಟರಲ್ಲಿ ನೀರನ್ನೂ ಬಿಸಿಮಾಡಿಕೊಳ್ಳುತ್ತಿದ್ದ ಹೆಂಗಸರು ಪಿಂಚ್ ಎಂಬ ಮಾತನ್ನು ಕೇಳಿದವರಲ್ಲ. ದೊಡ್ಡ ಒಲೆಯ ಉರಿ ಹಾದುಹೋಗುವ ದಾರಿಯಲ್ಲಿ ಒಂದು ಕೋಡೊಲೆಯನ್ನು ಕಟ್ಟಿ, ಅದರ ಮೇಲೆ ಸಾರು ಕಾಯಿಸುತ್ತಿದ್ದರು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು ಆರಂಭಿಸಿದ 'ಅಸ್ತ್ರ' ಕೇಂದ್ರ ಮುಂದೆ ಅಸ್ತ್ರ ಒಲೆಯನ್ನು ರೂಪಿಸಿದಾಗ, ಅದರ ಮೂಲತತ್ವವೂ ಒಂದೇ ಬೆಂಕಿ ಹಲವು ಪಾತ್ರೆಗಳಿಗೆ ದುಡಿಯಬೇಕೆಂಬುದೇ. ರೆಡ್ಡಿಯವರು ಇನ್ನೂ ಮುಂದೆ ಹೋಗಿ ಕರ್ನಾಟಕದ ವಿದ್ಯುತ್ ಯೋಜನೆಗಳನ್ನು ಕುರಿತು ಒಂದು ಪ್ರಶ್ನೆ ಕೇಳಿದರು: ಎಷ್ಟು ಶಕ್ತಿ ಉತ್ಪಾದಿಸಬೇಕು ಎಂದು ಏಕೆ ಮೊದಲು ಕೇಳುತ್ತೀರಿ? ಜನಕ್ಕೆ ಯಾವ ಸೇವೆ ಬೇಕು, ಅದನ್ನು ಅತಿ ಕಡಿಮೆ ಶಕ್ತಿಯಲ್ಲಿ ಹೇಗೆ ಒದಗಿಸಬಹುದು ಎಂದು ಕೇಳಿ. ಹೊಸ ಸ್ಥಾವರ ಕಟ್ಟುವುದಕ್ಕಿಂತ ಇದ್ದದ್ದನ್ನು ತಿದ್ದುವುದು ಬಹಳ ಸಲ ಅಗ್ಗ ಎಂದು ಅವರು ಲೆಕ್ಕ ಹಾಕಿ ತೋರಿಸಿದರು. ನಮ್ಮಲ್ಲಿ ಉದ್ಘಾಟನೆಗೆ ಸಿಗುವ ಮರ್ಯಾದೆ ದುರಸ್ತಿಗೆ ಸಿಗುವುದಿಲ್ಲ. ಶಾಖವಿನಿಮಯಕವನ್ನು ತೊಳೆದದ್ದಕ್ಕೆ ಯಾವ ಮಂತ್ರಿಯೂ ರಿಬ್ಬನ್ ಕತ್ತರಿಸಿದ್ದನ್ನು ನಾವು ಕಂಡಿಲ್ಲ.

ತೊಳೆಯುವ ಮಾತನ್ನು ಸುಮ್ಮನೆ ಆಡಿದ್ದಲ್ಲ. ಕಚ್ಚಾತೈಲವನ್ನು ಗೋಪುರಕ್ಕೆ ಕಳಿಸುವ ಮುನ್ನ ಸುಮಾರು 350 ಡಿಗ್ರಿಗೆ ಕಾಯಿಸಬೇಕು. ಅಷ್ಟನ್ನೂ ಕುಲುಮೆಯೇ ಮಾಡುವುದಿಲ್ಲ. ಗೋಪುರದಿಂದ ಹೊರಬರುವ ಬಿಸಿ ಡೀಸೆಲ್, ಸೀಮೆಎಣ್ಣೆ, ಬುಡದ ಗಟ್ಟಿ ಎಣ್ಣೆಗಳ ಪಕ್ಕದಲ್ಲಿ ಹಾಯಿಸಿ ಮೊದಲೇ ಬಹುಮಟ್ಟಿಗೆ ಬಿಸಿ ಮಾಡಿಕೊಳ್ಳುತ್ತಾರೆ. ಈ ಸಾಲು ವಿನಿಮಯಕಗಳ ಕೊಳವೆಗಳಲ್ಲಿ ದಿನ ಕಳೆದಂತೆ ಡಾಂಬರಿನಂಥ ಕಿಟ್ಟ ಕಟ್ಟುತ್ತದೆ. ಕಿಟ್ಟ ಕಟ್ಟಿದಷ್ಟೂ ಕುಲುಮೆಯ ಬಾಗಿಲಿಗೆ ಬರುವ ತೈಲ ತಣ್ಣಗಾಗುತ್ತದೆ, ಕುಲುಮೆ ಹೆಚ್ಚು ಉರಿಯುತ್ತದೆ. ಯಾವ ವಿನಿಮಯಕವನ್ನು ಯಾವಾಗ ಬಿಚ್ಚಿ ತೊಳೆಯಬೇಕೆಂದು ಲೆಕ್ಕ ಹಾಕುವುದೇ ಒಂದು ಶಾಸ್ತ್ರ. ಇದು ಪೊರಕೆಯ ಕೆಲಸವೆಂದು ತೋರಬಹುದು. ಅದರ ಲಾಭ ದೊಡ್ಡ ಯಂತ್ರದ ಲಾಭಕ್ಕೆ ಕಡಿಮೆಯಲ್ಲ.

ಒಂದು ಸಣ್ಣ ಗಣಿತ. ಶುದ್ಧೀಕರಣಾಗಾರವೊಂದು ತನ್ನ ಬಾಗಿಲಿಗೆ ಬಂದ ಕಚ್ಚಾತೈಲದಲ್ಲಿ ನೂರಕ್ಕೆ ಆರರಿಂದ ಹತ್ತು ಪಾಲಿನಷ್ಟನ್ನು ತಾನೇ ಸುಟ್ಟು ಕಳೆಯುವುದು ಸಾಮಾನ್ಯ. ಮಾಹುಲಿನಲ್ಲಿರುವ ಭಾರತ್ ಪೆಟ್ರೋಲಿಯಂ ಆಗಾರದ ಸಾಮರ್ಥ್ಯ ವರ್ಷಕ್ಕೆ 120 ಲಕ್ಷ ಟನ್. ತಾನೇ ಸುಡುವ ಪಾಲನ್ನು ನೂರಕ್ಕೆ ಒಂದರಷ್ಟು ಇಳಿಸಿದರೂ ವರ್ಷಕ್ಕೆ 1.2 ಲಕ್ಷ ಟನ್, ದಿನಕ್ಕೆ 300 ಟನ್ನಿಗೂ ಮಿಗಿಲಾದ ಇಂಧನ ಚೆಂಬೂರಿನ ನೆತ್ತಿಯ ಮೇಲೆ ಉರಿಯುವುದು ತಪ್ಪುತ್ತದೆ. ಮಾಹುಲಿನಲ್ಲಿಯೇ ಹಳೆಯ ಕಚ್ಚಾತೈಲ ಘಟಕಗಳ ಬದಲಿಗೆ ದೊಡ್ಡದೊಂದು ಹೊಸ ಘಟಕವನ್ನು ಕಟ್ಟಿದ ಉದಾಹರಣೆಯೂ ಇದೆ. ಆದರೆ ಎಲ್ಲವನ್ನೂ ಹೊಸದಾಗಿ ಕಟ್ಟಲು ಅಲ್ಲಿ ಜಾಗವೆಲ್ಲಿದೆ? ಒಂದು ಕಡೆ ಗುಡ್ಡ, ಒಂದು ಕಡೆ ಖಾರಿ, ನಡುವೆ ಜನವಸತಿ. ತಟ್ಟೆಗಳನ್ನು ಬಿಚ್ಚಿ ಅದೇ ಗೋಪುರದೊಳಗೆ ಲೋಹದ ತೆಳುಹಾಳೆಗಳ ಜೇನುಗೂಡಿನಂಥ ಪ್ಯಾಕಿಂಗನ್ನು ತುಂಬುವುದು, ಕುಲುಮೆಯ ಹೊಗೆಯಿಂದ ಒಳಬರುವ ಗಾಳಿಯನ್ನು ಕಾಯಿಸುವುದು, ವಿನಿಮಯಕಗಳ ಸಾಲನ್ನು ಮರುಜೋಡಿಸುವುದು, ಇಂಥವೇ ಇಂಥ ಇಕ್ಕಟ್ಟಿಗೆ ಹೊಂದುವ ದಾರಿಗಳು. ಗೋಪುರದ ಒಳಗೇ ಗೋಡೆಯೊಂದನ್ನು ಎಬ್ಬಿಸಿ ಎರಡು ಗೋಪುರಗಳ ಕೆಲಸವನ್ನು ಒಂದರಿಂದ ಮಾಡಿಸುವ ವಿಧಾನವೂ ಇದೆ. 1985ರಲ್ಲಿ ಜರ್ಮನಿಯ ಬಿಎಎಸ್ಎಫ್ ಅದನ್ನು ಮೊದಲು ಕಾರ್ಯಕ್ಕೆ ತಂದಿತು. ತಕ್ಕ ಜಾಗದಲ್ಲಿ ಅದು ಮೂರರಲ್ಲೊಂದು ಪಾಲಿನವರೆಗೂ ಇಂಧನವನ್ನು ಉಳಿಸಬಲ್ಲದು.

ಇಲ್ಲಿ ಒಂದು ಎಚ್ಚರವನ್ನು ಹೇಳಲೇಬೇಕು. ಮಾಹುಲಿನ ಜನರ ನೋವಿಗೆ ಇದು ಮದ್ದು ಎಂದು ನಾವು ಹೇಳುತ್ತಿಲ್ಲ. ತಾನಸಾ ಕೊಳವೆಮಾರ್ಗದ ಬದಿಯಿಂದ ಎತ್ತಿ ತಂದು ಮಾಹುಲಿನಲ್ಲಿ ಇರಿಸಿದ ಕುಟುಂಬಗಳು ಅಲ್ಲಿನ ಗಾಳಿಗೆ ಅಂಜಿ ನ್ಯಾಯಾಲಯದ ಮೆಟ್ಟಿಲೇರಿದ್ದು ಎಲ್ಲರಿಗೂ ತಿಳಿದದ್ದು. 2020ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಎರಡೂ ತೈಲ ಕಂಪನಿಗಳ ಮೇಲೂ ದ್ರವ ಸಂಗ್ರಹಾಗಾರಗಳ ಮೇಲೂ ಪರಿಹಾರಧನವನ್ನು ವಿಧಿಸಿದ್ದು ಮುಖ್ಯವಾಗಿ ಆವಿಯಾಗಿ ಹಾರುವ ಸಾವಯವ ಅನಿಲಗಳಿಗಾಗಿ. ಅವು ಟ್ಯಾಂಕುಗಳಿಂದ, ತುಂಬಿಸುವ ಇಳಿಸುವ ಜಾಗಗಳಿಂದ, ಸೋರುವ ಕೀಲುಗಳಿಂದ ಬರುವಂಥವು. ಗೋಪುರದ ಉಗಿಯನ್ನು ಉಳಿಸಿದರೆ ಅವು ನಿಲ್ಲುವುದಿಲ್ಲ. ಇಂಧನ ಉಳಿತಾಯದ ಅಂಕಿಗಳನ್ನು ಮುಂದೊಡ್ಡಿ ಆ ಹೊಣೆಯಿಂದ ಯಾರೂ ಜಾರಿಕೊಳ್ಳಬಾರದು.

ದೊಡ್ಡ ಆಗಾರಗಳ ಮೇಲಾದರೂ ಒಂದು ಅಂಕುಶವಿದೆ. 2001ರ ಶಕ್ತಿ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ 2012ರಲ್ಲಿ ಶುರುವಾದ 'ಪ್ಯಾಟ್' ಯೋಜನೆ ದೊಡ್ಡ ಬಳಕೆದಾರರಿಗೆ ಗುರಿ ನಿಗದಿಪಡಿಸುತ್ತದೆ. ಗುರಿ ಮೀರಿ ಉಳಿಸಿದವರು ಪ್ರಮಾಣಪತ್ರ ಮಾರಬಹುದು, ಉಳಿಸದವರು ಕೊಳ್ಳಬೇಕು. ತೈಲ ಶುದ್ಧೀಕರಣಾಗಾರಗಳು ಅದರ ಎರಡನೆಯ ಸುತ್ತಿನಲ್ಲಿ, 2016ರಲ್ಲಿ, ಒಳಗೆ ಬಂದವು. ಮೊದಲ ಸುತ್ತಿನ ಗುರಿ 66.8 ಲಕ್ಷ ಟನ್ ತೈಲಕ್ಕೆ ಸಮನಾದ ಉಳಿತಾಯ, ಸಾಧಿಸಿದ್ದು 86.7 ಲಕ್ಷ ಟನ್. ಇದನ್ನು ಯಶಸ್ಸೆಂದು ಸರ್ಕಾರ ಹೇಳಿಕೊಂಡಿತು. ನಮಗನಿಸುವಂತೆ, ಗುರಿಯನ್ನು ಇಷ್ಟು ಸುಲಭವಾಗಿ ದಾಟಿದರೆ ಗುರಿಯೇ ಮೆತ್ತಗಿತ್ತು ಎನ್ನಬೇಕು. ಮತ್ತೊಂದು ತಕರಾರೂ ಇದೆ. ಶುದ್ಧೀಕರಣಾಗಾರದ ಶಕ್ತಿಬಳಕೆಯನ್ನು ಎಂಬಿಎನ್ ಎಂಬ ತಿದ್ದುಪಡಿ ಮಾಡಿದ ಅಂಕಿಯಲ್ಲಿ ಹೇಳುತ್ತಾರೆ. ತಜ್ಞರಿಗೆ ಅದು ಬೇಕು, ಸರಿ. ಚೆಂಬೂರಿನ ನಾಗರಿಕನಿಗೆ ಬೇಕಾದದ್ದು ಇಷ್ಟೇ: ಈ ವರ್ಷ ಒಂದು ಟನ್ ಕಚ್ಚಾತೈಲಕ್ಕೆ ಇಲ್ಲಿ ಎಷ್ಟು ಇಂಧನ ಸುಟ್ಟಿರಿ, ಕಳೆದ ವರ್ಷ ಎಷ್ಟು? ಗೇಟಿನ ಬಳಿ ಅಪಘಾತವಿಲ್ಲದ ದಿನಗಳನ್ನು ಬರೆಯುವ ಫಲಕದಲ್ಲೇ ಇದನ್ನೂ ಬರೆಯಬಹುದು.

ನಮಗೆ ಹೆಚ್ಚು ಕಳವಳ ಹುಟ್ಟಿಸುವುದು ಅಂಕುಶವೇ ಇಲ್ಲದ ಸಣ್ಣವರ ಲೋಕ. ಡೊಂಬಿವಲಿ, ಅಂಬರನಾಥ, ತಳೋಜಾ, ತಾರಾಪುರಗಳ ಎಂಐಡಿಸಿ ಪ್ರದೇಶಗಳಲ್ಲಿ ಔಷಧಿಯ ಕಚ್ಚಾಮಾಲು, ಬಣ್ಣ, ಸುಗಂಧದ್ರವ್ಯ ಮಾಡುವ ಘಟಕಗಳಲ್ಲಿ ಮೂಲೆಯಲ್ಲೊಂದು ತೆಳ್ಳನೆಯ ಗೋಪುರ ಇದ್ದೇ ಇರುತ್ತದೆ. ಬಳಸಿದ ಟಾಲ್ಯೂಯಿನ್, ಮೆಥನಾಲ್, ಅಸಿಟೋನುಗಳನ್ನು ಮತ್ತೆ ಬಳಸಲು ಶುದ್ಧಗೊಳಿಸುವ ಗೋಪುರ ಅದು. ಹಗಲಿಡೀ ಪಾಕ ನಡೆದರೆ ರಾತ್ರಿಪಾಳಿಯಲ್ಲಿ ಸಾಲ್ವೆಂಟ್ ಬಟ್ಟಿ ಇಳಿಸುವ ಕೆಲಸ. ಅಲ್ಲಿ ಉಗಿಯ ಮೀಟರ್ ಇರುವುದು ಅಪರೂಪ. ಇರುವುದು ಒಂದು ಥರ್ಮಾಮೀಟರ್, ಒಂದು ವಾಲ್ವು, ಆಪರೇಟರನ ಅನುಭವ.

ಆ ಆಪರೇಟರನ ಸ್ಥಾನದಲ್ಲಿ ನಿಂತು ನೋಡೋಣ. ನೂರಕ್ಕೆ 99.5 ಶುದ್ಧತೆ ಸಾಕು ಎಂದು ಕಾಗದದಲ್ಲಿದೆ. ಆತ 99.9 ಬರುವಂತೆ ರಿಫ್ಲಕ್ಸನ್ನು ಹೆಚ್ಚಿಗೆ ಇಡುತ್ತಾನೆ. ಏಕೆಂದರೆ ಬೆಳಿಗ್ಗೆ ಲ್ಯಾಬಿನವರು ಮಾಲು ಫೇಲು ಎಂದರೆ ಬೈಗುಳ ಅವನ ಪಾಲಿಗೆ, ಕೆಲವೊಮ್ಮೆ ಸಂಬಳದ ಕಡಿತವೂ. ರಾತ್ರಿಯಿಡೀ ವ್ಯರ್ಥವಾಗಿ ಸುಟ್ಟ ಉಗಿಗೆ ಯಾರೂ ಲೆಕ್ಕ ಕೇಳುವುದಿಲ್ಲ. ಉಳಿಸಿದರೆ ಬೆನ್ನು ತಟ್ಟುವವರೂ ಇಲ್ಲ. ಹೀಗಿರುವಾಗ ವಾಲ್ವನ್ನು ಸ್ವಲ್ಪ ಹೆಚ್ಚಿಗೆ ತೆರೆದಿಡುವುದೇ ವಿವೇಕ. ಜೂನಿನಲ್ಲಿ ಮೊದಲ ಮಳೆ ಹೊದಿಕೆಯಿಲ್ಲದ ಗೋಪುರದ ಮೈಮೇಲೆ ಒಮ್ಮೆಲೇ ಸುರಿದಾಗ ಒಳಗಿನ ಆವಿ ಅರ್ಧದಾರಿಯಲ್ಲೇ ತಣಿದು ಕೆಳಗಿಳಿಯುತ್ತದೆ, ತುದಿಯ ಉಷ್ಣತೆ ಕುಸಿಯುತ್ತದೆ; ಆತ ಉಗಿಯನ್ನು ಮತ್ತಷ್ಟು ಏರಿಸುತ್ತಾನೆ. ಮಳೆ ನಿಂತ ಮೇಲೆ ಇಳಿಸಲು ಮರೆತರೂ ಮಾಲಿಗೆ ಕೇಡಿಲ್ಲ. ಈ ಗೋಪುರದ ತಿದ್ದುಪಡಿಗೆ ಜರ್ಮನಿಯ ತಂತ್ರಜ್ಞಾನ ಬೇಕಿಲ್ಲ. ಮೈಗೆ ಸರಿಯಾದ ಹೊದಿಕೆ, ಸೋರದ ಸ್ಟೀಮ್ ಟ್ರ್ಯಾಪ್, ಬುಡದಿಂದ ಬಿಸಿಯಾಗಿ ಹೊರಹೋಗುವ ದ್ರವದಿಂದ ಒಳಬರುವ ದ್ರವವನ್ನು ಕಾಯಿಸುವ ಒಂದು ಸಣ್ಣ ವಿನಿಮಯಕ, ಉಗಿಗೊಂದು ಮೀಟರ್, ಇಷ್ಟರಿಂದಲೇ ಕೆಲಸ ಆರಂಭಿಸಬಹುದು. ಮೀಟರ್ ಬಂದ ಮೇಲೆ ಉಳಿಸಿದ ಉಗಿಯ ಬೆಲೆಯಲ್ಲಿ ಆಪರೇಟರನಿಗೂ ಒಂದು ಪಾಲು ಸಿಗಬೇಕು. ಈ ಪಾಲಿನ ಮಾತು ಬರದ ಯಾವ ಉಳಿತಾಯ ಯೋಜನೆಯನ್ನೂ ನಾವು ನಂಬುವುದಿಲ್ಲ.

ಮಾಲೀಕರು ಹೇಳುವ ಅಡ್ಡಿಗಳೂ ಪೊಳ್ಳಲ್ಲ. ಗೋಪುರ ನಿಲ್ಲಿಸಿದ ದಿನಗಳ ನಷ್ಟ, ಸಾಲದ ಬಡ್ಡಿ, ನಾಳೆ ಅದೇ ಮಾಲು ಮಾಡುತ್ತೇವೋ ಇಲ್ಲವೋ ಎಂಬ ಅನಿಶ್ಚಯ. ಸಣ್ಣ ಮತ್ತು ಮಧ್ಯಮ ಉದ್ದಿಮೆಗಳು ಇಂಥ ಯಂತ್ರಗಳಿಗಾಗಿ ಪಡೆಯುವ ಸಾಲದ ಬಡ್ಡಿಗೆ ನೆರವು ಕೊಡುವ ಯೋಜನೆಯೊಂದನ್ನು ಕೇಂದ್ರ 2025ರಲ್ಲಿ ತಂದಿದೆ, ಒಳ್ಳೆಯದೇ. ಆದರೆ ಸಾಲಕ್ಕೆ ಮುಂಚೆ ಅವರಿಗೆ ಬೇಕಾದದ್ದು ಗೋಪುರವನ್ನು ನೋಡಿ ಲೆಕ್ಕ ಹಾಕಿಕೊಡುವ ನಂಬಿಗಸ್ತ ಮನುಷ್ಯ. ಶಾಖವನ್ನು ಅತಿಯಾಗಿ ಹೆಣೆದರೆ ಒಂದು ಗೋಪುರ ಕೆಮ್ಮಿದಾಗ ಪಕ್ಕದ್ದಕ್ಕೂ ಜ್ವರ ಬರುತ್ತದೆ. ಆರಂಭಿಸುವುದೂ ನಿಲ್ಲಿಸುವುದೂ ಕಷ್ಟವಾಗುತ್ತದೆ. ಹೊತ್ತಿಕೊಳ್ಳುವ ದ್ರವಗಳ ನಡುವೆ ಇದು ಸಣ್ಣ ಮಾತಲ್ಲ. ಎಲ್ಲಿ ಹೆಣೆಯಬೇಕು, ಎಲ್ಲಿ ಬಿಡಬೇಕು ಎಂದು ಬಲ್ಲವರು ಬೇಕು. ಅಂಥವರನ್ನು ತಯಾರಿಸುವ ಸಂಸ್ಥೆ ನಮ್ಮ ಮಾಟುಂಗದಲ್ಲಿಯೇ ಇದೆ. 1933ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ವಿಭಾಗವಾಗಿ ಹುಟ್ಟಿ ಯುಡಿಸಿಟಿ ಎಂದು ಹೆಸರಾಗಿದ್ದ ಅದು ಇಂದು ರಸಾಯನ ತಂತ್ರಜ್ಞಾನ ಸಂಸ್ಥೆ. ಅಲ್ಲಿನ ವಿದ್ಯಾರ್ಥಿಗಳು ಒಂದು ಅವಧಿಯನ್ನು ಅಂಬರನಾಥದ ಒಂದೊಂದು ಸಣ್ಣ ಗೋಪುರದ ಬುಡದಲ್ಲಿ ಕಳೆದು ವರದಿ ಬರೆಯುವಂತಾದರೆ ಎರಡು ಕಡೆಗೂ ಲಾಭ. (ಮೈಸೂರು ಅಸೋಸಿಯೇಷನ್ ಇರುವುದೂ ಅದೇ ಮಾಟುಂಗದಲ್ಲಿ. ಅಲ್ಲಿನ ಉಪನ್ಯಾಸವೊಂದಕ್ಕೆ ಈ ವಿಷಯವನ್ನು ಬಲ್ಲ ಕನ್ನಡಿಗರೊಬ್ಬರನ್ನು ಕರೆದರೆ, ಸಭೆ ಖಾಲಿಯಿರಲಾರದೆಂದು ನಮ್ಮ ಊಹೆ.)

'ಪೆಟ್ರೋಲಿನ ಕಾಲವೇ ಮುಗಿಯುತ್ತಿದೆ, ಹಳೆಯ ಗೋಪುರಗಳಿಗೆ ಏಕೆ ಹಣ ಹಾಕಬೇಕು' ಎನ್ನುವ ಗೆಳೆಯರೂ ನಮ್ಮಲ್ಲಿದ್ದಾರೆ. ಕಾರುಗಳು ವಿದ್ಯುತ್ತಿಗೆ ತಿರುಗಬಹುದು. ಔಷಧಿ, ಬಣ್ಣ, ಅಂಟು, ಪ್ಲಾಸ್ಟಿಕ್‌ಗಳು ನಾಳೆಯೂ ಬೇಕು, ಅವುಗಳಿಗೆ ಸಾಲ್ವೆಂಟ್ ಬೇಕು. ಕಬ್ಬಿನಿಂದ ಎಥನಾಲ್ ಮಾಡಿ ಪೆಟ್ರೋಲಿಗೆ ಬೆರೆಸಿದರೂ ಅದು ಹುದುಗಿನ ನೀರಿನಿಂದ ಬೇರೆಯಾಗುವುದು ಗೋಪುರದಲ್ಲೇ. ನಮ್ಮ ಬೆಳಗಾವಿ, ಬಾಗಲಕೋಟೆಗಳ, ಪಕ್ಕದ ಕೊಲ್ಲಾಪುರ, ಸಾಂಗಲಿಗಳ ಸಕ್ಕರೆ ಸೀಮೆಯನ್ನು ನೋಡಿದರೆ ಇದು ತಿಳಿಯುತ್ತದೆ. ಡಿಸ್ಟಿಲರಿಗಳಲ್ಲಿ ಬೇರೆ ಬೇರೆ ಒತ್ತಡದ ಗೋಪುರಗಳನ್ನು ಜೋಡಿಸಿ, ಒಂದರ ಆವಿಯಿಂದ ಇನ್ನೊಂದನ್ನು ಕುದಿಸುವ ಪದ್ಧತಿ ಬೇರೂರಿದೆ. ನೂರಕ್ಕೆ ಸುಮಾರು 95 ಪಾಲಿನ ಮೇಲೆ ಎಥನಾಲ್ ನೀರನ್ನು ಬಿಟ್ಟುಕೊಡುವುದಿಲ್ಲ. ಆ ಕೊನೆಯ ನೀರನ್ನು ತೆಗೆಯಲು ಮತ್ತೆ ಬಟ್ಟಿ ಇಳಿಸದೆ, ಜರಡಿಯಂಥ ಸೂಕ್ಷ್ಮ ರಂಧ್ರಗಳ ಹರಳುಗಳಿಂದ ಹೀರಿಸುತ್ತಾರೆ. ಬಗ್ಗಸ್ ಉಳಿದರೆ ವಿದ್ಯುತ್ ಮಾಡಿ ಮಾರಬಹುದಾದ್ದರಿಂದ, ಅಲ್ಲಿ ಉಗಿಯ ಪ್ರತಿ ಕಿಲೋಗೂ ಬೆಲೆ ಗೊತ್ತು. ಡೊಂಬಿವಲಿಯ ಘಟಕದಲ್ಲಿ ಟಾಲ್ಯೂಯಿನ್ನಿನ ಡ್ರಮ್ಮುಗಳ ಲೆಕ್ಕಕ್ಕೊಂದು ಪುಸ್ತಕವಿದೆ, ವಿದ್ಯುತ್ತಿಗೆ ಬಿಲ್ಲು ಬರುತ್ತದೆ, ನೀರಿಗೂ ಮೀಟರ್ ಇದೆ. ರಾತ್ರಿ ಹನ್ನೆರಡರಿಂದ ಬೆಳಿಗ್ಗೆ ಎಂಟರವರೆಗೆ ಗೋಪುರದ ಬುಡಕ್ಕೆ ಹೋದ ಉಗಿಯನ್ನು ಬರೆದಿಡುವ ಪುಟ ಮಾತ್ರ ಆ ಪುಸ್ತಕದಲ್ಲಿ ಇನ್ನೂ ಇಲ್ಲ.